ಕ್ರೀಡಾ ಚಿಕಿತ್ಸಾ ಸಂಶೋಧನೆಯಲ್ಲಿ ತಾಪಮಾನ ಸಂವೇದಕಗಳ ನಿಖರತೆ

ಕ್ರೀಡಾಪಟುಗಳ ದೇಹದ ಒಳಭಾಗ, ಸ್ನಾಯು ಮತ್ತು ಚರ್ಮದ ತಾಪಮಾನವನ್ನು ಅಳೆಯುವ ಸಾಧನಗಳು ನಿಜವಾದ ತಾಪಮಾನಕ್ಕೆ ಎಷ್ಟು ಹತ್ತಿರದ ಅಂಕವನ್ನು ಕೊಡುತ್ತವೆ ಎಂಬುದು ಕ್ರೀಡಾ ಚಿಕಿತ್ಸಾ ಸಂಶೋಧನೆಯ ಒಂದು ಮೂಲಭೂತ ಪ್ರಶ್ನೆ. ಉಳುಕಿದ ಕಾಲಿಗೆ ಮಂಜುಗಡ್ಡೆಯನ್ನು ಎಷ್ಟು ಹೊತ್ತು ಇಡಬೇಕು, ಬಿಗಿದ ಸ್ನಾಯುವಿಗೆ ಕೊಡುವ ಶಾಖ ಒಳಗೆ ಎಷ್ಟು ಆಳ ಇಳಿಯುತ್ತದೆ, ಬಿಸಿಲಿನಲ್ಲಿ ಓಡಿ ಕುಸಿದುಬಿದ್ದವನಿಗೆ ಶಾಖಾಘಾತವಾಗಿದೆಯೋ ಇಲ್ಲವೋ ಎಂಬ ಪ್ರಶ್ನೆಗಳಿಗೆಲ್ಲ ಉತ್ತರ ದೊರೆಯುವುದು ತಾಪಮಾನದ ಅಂಕಗಳಿಂದ. ಅಂಕವೇ ತಪ್ಪಾದರೆ ಅದರ ಮೇಲೆ ನಿಂತ ಚಿಕಿತ್ಸೆಯೂ ತಪ್ಪುತ್ತದೆ.

ಆರೋಗ್ಯವಂತ ಮನುಷ್ಯನ ಒಳತಾಪಮಾನ ಸುಮಾರು 37 ಡಿಗ್ರಿ ಸೆಲ್ಸಿಯಸ್ (ಮುಂದೆ °ಸೆ). ಶ್ರಮಜನ್ಯ ಶಾಖಾಘಾತದಲ್ಲಿ ಅದು 40 °ಸೆ ಮೀರಿರುತ್ತದೆ. ಹೀಗೆ ಕ್ಷೇಮಕ್ಕೂ ಪ್ರಾಣಾಪಾಯಕ್ಕೂ ನಡುವೆ ಇರುವ ಅಂತರ ಮೂರು ಡಿಗ್ರಿ ಮಾತ್ರ. ಕೋಣೆಯ ಸೆಕೆಯನ್ನು ಅಳೆಯುವಾಗ ಲೆಕ್ಕಕ್ಕೇ ಬಾರದ ಒಂದು ಡಿಗ್ರಿಯ ತಪ್ಪು ಇಲ್ಲಿ ಮೂರರಲ್ಲೊಂದು ಪಾಲಿನ ತಪ್ಪಾಗುತ್ತದೆ. ಬೇಸಿಗೆಯಲ್ಲಿ ಗಾಳಿಯ ತಾಪಮಾನವೇ 40 °ಸೆ ದಾಟುವ ಯಾದಗಿರಿ, ಶಹಾಪುರ, ಸುರಪುರಗಳಂಥ ಊರುಗಳಲ್ಲಿ ಈ ತಪ್ಪು ತಣ್ಣನೆಯ ಪ್ರಯೋಗಾಲಯದಲ್ಲಿ ಕಾಣುವಂತೆಯೇ ಕಾಣುವುದಿಲ್ಲ. ಕೆಲವೊಮ್ಮೆ ಅದರ ದಿಕ್ಕೇ ಬದಲಾಗುತ್ತದೆ.

ಪರಿಭಾಷೆ

ಸಾಧನದ ಪರದೆಯ ಮೇಲೆ ಮೂಡುವ ಅತಿ ಚಿಕ್ಕ ಅಂಕಕ್ಕೂ ಸಾಧನದ ನಿಖರತೆಗೂ ನೇರ ಸಂಬಂಧವಿಲ್ಲ. ಗೋಡೆ ಗಡಿಯಾರವೊಂದು ಸೆಕೆಂಡಿನ ಮುಳ್ಳನ್ನು ಹೊಂದಿದ್ದೂ ಹತ್ತು ನಿಮಿಷ ಹಿಂದೆ ಓಡಬಹುದಷ್ಟೆ. ಮುಳ್ಳು ಎಷ್ಟು ಚಿಕ್ಕ ಕಾಲಭಾಗವನ್ನು ತೋರಿಸುತ್ತದೆ ಎಂಬುದು ವಿಭೇದನ. ತೋರಿಸಿದ ವೇಳೆ ನಿಜವಾದ ವೇಳೆಗೆ ಎಷ್ಟು ಹತ್ತಿರ ಎಂಬುದು ನಿಖರತೆ. ಅದೇ ತಾಪಮಾನವನ್ನು ಮತ್ತೆ ಮತ್ತೆ ಅಳೆದಾಗ ಅದೇ ಅಂಕ ಬರುವ ಗುಣ ಪುನರಾವೃತ್ತಿ. ಪ್ರತಿಸಲವೂ ಸರಿಯಾಗಿ ಅರ್ಧ ಡಿಗ್ರಿ ಹೆಚ್ಚು ತೋರಿಸುವ ಸಾಧನಕ್ಕೆ ಪುನರಾವೃತ್ತಿ ಉಂಟು, ನಿಖರತೆ ಇಲ್ಲ.

ಚರ್ಮದ ತಾಪಮಾನದ ಸಂಶೋಧನೆಯಲ್ಲಿ ವ್ಯಾಪಕವಾಗಿ ಬಳಕೆಯಾದ, ಗುಂಡಿಯಾಕಾರದ ಐಬಟನ್ ಎಂಬ ಸ್ವಯಂದಾಖಲೆ ಸಾಧನ ಇದಕ್ಕೆ ಒಳ್ಳೆಯ ಉದಾಹರಣೆ. ಅದರ ಡಿಎಸ್1922ಎಲ್ ಮಾದರಿಯ ವಿಭೇದನ 0.0625 °ಸೆ, ತಯಾರಕರು ಹೇಳುವ ನಿಖರತೆ ±0.5 °ಸೆ. ಅಂದರೆ ವಿಭೇದನಕ್ಕಿಂತ ನಿಖರತೆಯ ಮಿತಿ ಎಂಟು ಪಟ್ಟು ದೊಡ್ಡದು. ನಾಲ್ಕು ದಶಮಾಂಶ ಸ್ಥಾನಗಳನ್ನು ಕಂಡು ಬೆರಗಾಗುವ ಓದುಗ ಈ ಎರಡನೆಯ ಅಂಕವನ್ನು ಹುಡುಕಬೇಕಾಗುತ್ತದೆ.

ಇವೆಲ್ಲವನ್ನೂ ಒಳಗೊಂಡು, ನಿಜವಾದ ಬೆಲೆ ಯಾವ ಮಿತಿಯೊಳಗೆ ಇದೆ ಎಂದು ಹೇಳುವ ಮಾತು ಅನಿಶ್ಚಿತತೆ. ಸಂವೇದಕ, ಅದರ ತಂತಿ, ತಂತಿ ಸೇರುವ ಓದುಯಂತ್ರ, ಸಂವೇದಕವನ್ನು ಮೈಗೆ ಅಂಟಿಸಿದ ರೀತಿ ಇವೆಲ್ಲವೂ ತಮ್ಮ ತಮ್ಮ ಪಾಲಿನ ತಪ್ಪನ್ನು ಅದಕ್ಕೆ ಸೇರಿಸುತ್ತವೆ.

ಇತಿಹಾಸ

ದೇಹದ ತಾಪಮಾನವನ್ನು ವೈದ್ಯಶಾಸ್ತ್ರದ ನಿತ್ಯದ ಬಳಕೆಗೆ ತಂದವರಲ್ಲಿ ಪ್ರಮುಖನಾದವನು ಜರ್ಮನಿಯ ಕಾರ್ಲ್ ವುಂಡರ್ಲಿಕ್. ಸುಮಾರು 25,000 ರೋಗಿಗಳ ಕಂಕುಳಿನ ತಾಪಮಾನವನ್ನು ಅಳೆದು, 1868ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ ಅವನು 37 °ಸೆ ಎಂಬ ಸರಾಸರಿಯನ್ನು ಸ್ಥಾಪಿಸಿದ. ಇದೇ ಅವಧಿಯಲ್ಲಿ ಇಂಗ್ಲೆಂಡಿನ ಥಾಮಸ್ ಕ್ಲಿಫರ್ಡ್ ಆಲ್‌ಬಟ್ ಆರಂಗುಲ ಉದ್ದದ, ಐದು ನಿಮಿಷಗಳಲ್ಲಿ ಅಂಕ ಕೊಡುವ ಪಾದರಸದ ತಾಪಮಾಪಕವನ್ನು ರೂಪಿಸಿದ.

ವುಂಡರ್ಲಿಕ್‌ನ 37 ಶಾಲಾ ಪಠ್ಯಗಳಲ್ಲಿ ಇಂದಿಗೂ ಉಳಿದಿದೆ. ಆದರೆ ಅಮೆರಿಕದ ಫಿಲಿಪ್ ಮೆಕೊವಿಯಾಕ್ ಮತ್ತು ಸಂಗಡಿಗರು 1992ರಲ್ಲಿ 148 ಆರೋಗ್ಯವಂತರ ಬಾಯಿಯ ತಾಪಮಾನವನ್ನು 700 ಸಲ ಅಳೆದಾಗ ಸರಾಸರಿ ಬಂದದ್ದು 36.8 °ಸೆ. ಫಿಲಡೆಲ್ಫಿಯಾದ ಮ್ಯೂಟರ್ ವಸ್ತುಸಂಗ್ರಹಾಲಯದಲ್ಲಿರುವ ವುಂಡರ್ಲಿಕ್ ಕಾಲದ ತಾಪಮಾಪಕವೊಂದನ್ನು ಮೆಕೊವಿಯಾಕ್ ಪರೀಕ್ಷಿಸಿದಾಗ ಅದು ಇಂದಿನ ಸಾಧನಗಳಿಗಿಂತ 1.4ರಿಂದ 2.2 °ಸೆ ಹೆಚ್ಚು ತೋರಿಸುತ್ತಿದ್ದುದು ಕಂಡುಬಂತು. ಸಾವಿರಾರು ರೋಗಿಗಳ ಸರಾಸರಿಯಾದರೂ ಸಾಧನದ ಏಕಮುಖವಾದ ತಪ್ಪನ್ನು ಅಳಿಸಲಾರದು. ಎಣಿಕೆ ಹೆಚ್ಚಿದಂತೆ ಕಡಿಮೆಯಾಗುವುದು ಆಕಸ್ಮಿಕ ತಪ್ಪು ಮಾತ್ರ.

ವ್ಯಾಯಾಮಕ್ಕೂ ದೇಹತಾಪಕ್ಕೂ ಇರುವ ಸಂಬಂಧವನ್ನು ಅಳೆದು ತೋರಿಸಿದವರಲ್ಲಿ ಡೆನ್ಮಾರ್ಕಿನ ಮಾರಿಯಸ್ ನೀಲ್ಸನ್ ಮೊದಲಿಗರಲ್ಲೊಬ್ಬ. ದುಡಿಮೆಯ ತೀವ್ರತೆಗೆ ತಕ್ಕಂತೆ ಒಳತಾಪಮಾನ ಏರುತ್ತದೆ, ಸಾಕಷ್ಟು ವಿಸ್ತಾರವಾದ ಮಿತಿಯೊಳಗೆ ಹೊರಗಿನ ಹವೆ ಅದನ್ನು ಅಷ್ಟಾಗಿ ಬದಲಿಸುವುದಿಲ್ಲ ಎಂದು ಅವನು 1938ರಲ್ಲಿ ತೋರಿಸಿದ. 1966ರಲ್ಲಿ ಬೆಂಗ್ಟ್ ಸಾಲ್ಟಿನ್ ಮತ್ತು ಲಾರ್ಸ್ ಹರ್ಮನ್ಸನ್ ವ್ಯಾಯಾಮದ ವೇಳೆ ಅನ್ನನಾಳ, ಗುದ ಮತ್ತು ಸ್ನಾಯುಗಳ ತಾಪಮಾನವನ್ನು ಒಟ್ಟಿಗೆ ಅಳೆದರು. ಸ್ನಾಯುವಿನ ತಾಪಮಾನ ಒಂದು ಡಿಗ್ರಿ ಬದಲಾದರೆ ಅದರ ಗರಿಷ್ಠ ಶಕ್ತಿ ಸುಮಾರು ಶೇ. 4ರಷ್ಟು ಬದಲಾಗುತ್ತದೆ ಎಂದು ಆ್ಯಂಥನಿ ಸಾರ್ಜೆಂಟ್ 1987ರಲ್ಲಿ ಕಂಡುಕೊಂಡ ಮೇಲೆ, ಆಟದ ಮೊದಲು ಮೈ ಬೆಚ್ಚಗಾಗಿಸಿಕೊಳ್ಳುವ ಹಳೆಯ ರೂಢಿಗೆ ಅಳತೆಯ ಆಧಾರವೊಂದು ದೊರೆಯಿತು.

ಸಂವೇದಕಗಳ ಬಗೆಗಳು

ಸಂಶೋಧನೆಯಲ್ಲಿ ಮುಖ್ಯವಾಗಿ ಮೂರು ಬಗೆಯ ಸ್ಪರ್ಶ ಸಂವೇದಕಗಳು ಬಳಕೆಯಲ್ಲಿವೆ. ಎರಡು ಬೇರೆ ಬೇರೆ ಲೋಹಗಳ ತಂತಿಗಳನ್ನು ಬೆಸೆದು ಮಾಡುವ ಥರ್ಮೋಕಪಲ್ 1821ರಲ್ಲಿ ಥಾಮಸ್ ಸೀಬೆಕ್ ಕಂಡುಹಿಡಿದ ಪರಿಣಾಮವನ್ನು ಆಧರಿಸಿದೆ. ತಾಮ್ರ ಮತ್ತು ಕಾನ್‌ಸ್ಟಂಟನ್ ತಂತಿಗಳ ‘ಟಿ’ ಬಗೆಯನ್ನು ಸೂಜಿಯೊಳಗೆ ಹುದುಗಿಸುವಷ್ಟು ತೆಳ್ಳಗೆ ಮಾಡಬಹುದಾದ ಕಾರಣ ಸ್ನಾಯುವಿನೊಳಗಿನ ತಾಪಮಾನಕ್ಕೆ ಅದೇ ಹೆಚ್ಚು ಬಳಕೆಯಾಗುತ್ತದೆ. ಅಂತರರಾಷ್ಟ್ರೀಯ ಮಾನಕದ ಮೊದಲ ದರ್ಜೆಯ ‘ಟಿ’ ತಂತಿಗೆ ದೇಹದ ತಾಪಮಾನದ ಆಸುಪಾಸಿನಲ್ಲಿ ಅನುಮತಿಸಿದ ತಪ್ಪು ±0.5 °ಸೆ, ‘ಕೆ’ ಬಗೆಗೆ ±1.5 °ಸೆ.

ಥರ್ಮೋಕಪಲ್ ತಾಪಮಾನವನ್ನು ನೇರವಾಗಿ ಅಳೆಯುವುದಿಲ್ಲ. ತನ್ನ ಎರಡು ತುದಿಗಳ ತಾಪಮಾನದ ವ್ಯತ್ಯಾಸವನ್ನು ಅಳೆಯುತ್ತದೆ. ಒಂದು ತುದಿ ಸ್ನಾಯುವಿನಲ್ಲಿದ್ದರೆ ಇನ್ನೊಂದು ಓದುಯಂತ್ರದಲ್ಲಿರುತ್ತದೆ. ಯಂತ್ರ ತನ್ನ ತಾಪಮಾನವನ್ನು ತಾನೇ ತಪ್ಪಾಗಿ ತಿಳಿದುಕೊಂಡರೆ ಆ ತಪ್ಪು ಹಾಗೆಯೇ ಉತ್ತರದಲ್ಲಿ ಸೇರಿಬಿಡುತ್ತದೆ. ಮೈದಾನದ ಅಂಚಿನಲ್ಲಿ ಬಿಸಿಲಿಗೆ ಇಟ್ಟ ಯಂತ್ರದ ಒಂದು ಮಗ್ಗುಲು ಕಾದು ಇನ್ನೊಂದು ಮಗ್ಗುಲು ನೆರಳಿನಲ್ಲಿ ಉಳಿದರೆ, ಸಂವೇದಕ ಎಷ್ಟೇ ಒಳ್ಳೆಯದಾಗಿದ್ದರೂ ಅಂಕ ಜಾರುತ್ತದೆ.

ಪ್ಲಾಟಿನಂ ನಿರೋಧಕ ಸಂವೇದಕದ ಸಾಮಾನ್ಯ ರೂಪವಾದ ಪಿಟಿ-100ಕ್ಕೆ 0 °ಸೆ ತಾಪಮಾನದಲ್ಲಿ 100 ಓಮ್ ನಿರೋಧವಿದ್ದು, ಡಿಗ್ರಿಗೆ ಸುಮಾರು 0.385 ಓಮ್ ಏರುತ್ತದೆ. ‘ಎ’ ದರ್ಜೆಯದಕ್ಕೆ 37 °ಸೆ ಬಳಿ ಅನುಮತಿಸಿದ ತಪ್ಪು ಸುಮಾರು ±0.22, ‘ಬಿ’ ದರ್ಜೆಗೆ ಸುಮಾರು ±0.49 °ಸೆ. ಎರಡೇ ತಂತಿಗಳಲ್ಲಿ ಜೋಡಿಸಿದಾಗ ತಂತಿಯ ನಿರೋಧವೇ ಅರ್ಧ ಓಮ್ ಇದ್ದರೆ ಒಂದು ಡಿಗ್ರಿಗೂ ಹೆಚ್ಚಿನ ತಪ್ಪು ಬರುತ್ತದೆ. ಆದ್ದರಿಂದ ಮೂರು ಅಥವಾ ನಾಲ್ಕು ತಂತಿಗಳ ಜೋಡಣೆ ವಾಡಿಕೆ. ಥರ್ಮಿಸ್ಟರ್ ಎಂಬ ಅರೆವಾಹಕ ಸಂವೇದಕದ ನಿರೋಧ ಡಿಗ್ರಿಗೆ ಸುಮಾರು ಶೇ. 4ರಷ್ಟು ಬದಲಾಗುವುದರಿಂದ ಕಿರಿದಾದ ಮಿತಿಯಲ್ಲಿ ಅದು ಬಹಳ ಸೂಕ್ಷ್ಮ. ಗುದ ಮತ್ತು ಅನ್ನನಾಳದ ಶಲಾಕೆಗಳಲ್ಲಿಯೂ ಮನೆಮನೆಯ ಅಂಕೀಯ ಜ್ವರಮಾಪಕದಲ್ಲಿಯೂ ಇರುವುದು ಇದೇ.

2005ರಲ್ಲಿ ಎಲ್. ಎಸ್. ಜುಟ್ ಮತ್ತು ಸಹಲೇಖಕರು ಚಿಕಿತ್ಸಾ ಸಂಶೋಧನೆಯಲ್ಲಿ ಬಳಕೆಯಲ್ಲಿದ್ದ ಮೂರು ವಿದ್ಯುನ್ಮಾನ ತಾಪಮಾಪಕಗಳನ್ನು ನೀರಿನ ತೊಟ್ಟಿಯಲ್ಲಿ ಹೋಲಿಸಿ, ಅವುಗಳ ಅನಿಶ್ಚಿತತೆ ಒಂದೇ ಸಮನಾಗಿಲ್ಲವೆಂದು ತೋರಿಸಿದರು. ಸಂಶೋಧಕರು ತಾವು ಬಳಸಿದ ಸಾಧನದ ಅನಿಶ್ಚಿತತೆಯನ್ನು ಕಂಡುಕೊಂಡು ಪ್ರಬಂಧದಲ್ಲಿ ನಮೂದಿಸಬೇಕೆಂಬುದು ಅವರ ಸಲಹೆ. ಸಲಹೆ ಸರಳವಾದುದು. ಆದರೂ ಸಾಧನದ ಹೆಸರು, ಮಾದರಿ ಸಂಖ್ಯೆ, ತಯಾರಕರ ಊರುಗಳನ್ನು ಬರೆದು ಅನಿಶ್ಚಿತತೆಯನ್ನು ಬಿಟ್ಟುಬಿಡುವ ಪ್ರಬಂಧಗಳು ಇಂದಿಗೂ ಅಪರೂಪವಲ್ಲ.

ಶೈತ್ಯ ಮತ್ತು ಶಾಖ ಚಿಕಿತ್ಸೆ

ಗಾಯಕ್ಕೆ ಮಂಜುಗಡ್ಡೆ ಇಡುವ ಚಿಕಿತ್ಸೆಯಲ್ಲಿ ಕೆಲವು ಗುರಿ ತಾಪಮಾನಗಳನ್ನು ಉಲ್ಲೇಖಿಸುವುದು ರೂಢಿ. ಚರ್ಮದ ತಾಪಮಾನ ಸುಮಾರು 13.6 °ಸೆಗೆ ಇಳಿದಾಗ ಆ ಜಾಗದಲ್ಲಿ ನೋವು ಅರಿವಿಗೆ ಬಾರದಂತಾಗುತ್ತದೆ. ನರದ ಸಂಕೇತವೇಗ ಶೇ. 10ರಷ್ಟು ಕುಗ್ಗಲು ಅದು ಸುಮಾರು 12.5 °ಸೆಗೆ ಇಳಿಯಬೇಕು. ಈ ಎರಡರ ನಡುವಿನ ಅಂತರ 1.1 °ಸೆ. ±0.5 °ಸೆ ತಪ್ಪಬಹುದಾದ ಸಂವೇದಕಕ್ಕೆ ಈ ಎರಡು ಸ್ಥಿತಿಗಳನ್ನು ಬೇರ್ಪಡಿಸುವುದೇ ಕಷ್ಟ. ‘ಕೆ’ ಬಗೆಯ ಅಗ್ಗದ ತಂತಿಗಂತೂ ಅಸಾಧ್ಯ. ಇದರ ಜೊತೆಗೆ ಮಂಜಿನ ಚೀಲದ ಕೆಳಗೆ ಚರ್ಮಕ್ಕೆ ಒತ್ತಿದ ಸಂವೇದಕದ ಒಂದು ಮುಖ ಚರ್ಮಕ್ಕೂ ಇನ್ನೊಂದು ಮುಖ ಮಂಜಿಗೂ ತಾಗಿರುವುದರಿಂದ ಅದು ಎರಡರ ನಡುವಿನ ಯಾವುದೋ ಅಂಕವನ್ನು ಕೊಡುತ್ತದೆ.

ಸ್ನಾಯುವಿನೊಳಗೆ ನಡೆಯುವುದು ಇನ್ನೂ ಬೇರೆ. 2002ರಲ್ಲಿ ಜೆ. ಡಬ್ಲ್ಯು. ಓಟ್ ಮತ್ತು ಸಂಗಡಿಗರು ತೊಡೆಯ ಸ್ನಾಯುವಿನ ತಾಪಮಾನವನ್ನು 7 °ಸೆ ಇಳಿಸಲು ಬೇಕಾದ ವೇಳೆಯನ್ನು ಅಳೆದರು. ಚರ್ಮದ ಮಡಿಕೆಯ ದಪ್ಪ 10 ಮಿಲಿಮೀಟರ್ ಒಳಗಿದ್ದವರಲ್ಲಿ ಅದಕ್ಕೆ 8 ನಿಮಿಷ ಸಾಕಾಯಿತು. 31ರಿಂದ 40 ಮಿಲಿಮೀಟರ್ ಇದ್ದವರಲ್ಲಿ ಸುಮಾರು 59 ನಿಮಿಷ ಹಿಡಿಯಿತು. ಎಲ್ಲರಿಗೂ ಇಪ್ಪತ್ತು ನಿಮಿಷ ಎಂಬ ಬಾಯಿಮಾತಿನ ನಿಯಮವನ್ನು ಅಲುಗಿಸಿದ ಫಲಿತಾಂಶವಿದು. ಇದು ದೊರೆತದ್ದು ಸ್ನಾಯುವಿನೊಳಗೆ ಗೊತ್ತಾದ ಆಳದಲ್ಲಿ ಸೂಜಿ ಸಂವೇದಕವನ್ನು ಇರಿಸಿದ್ದರಿಂದ. ಚರ್ಮದ ಮೇಲಿನ ಅಂಕವನ್ನಷ್ಟೇ ನೋಡಿದ್ದರೆ ತೆಳ್ಳಗಿನವರಿಗೂ ದಪ್ಪಗಿನವರಿಗೂ ಇರುವ ಭೇದ ಹೀಗೆ ಕಾಣುತ್ತಿರಲಿಲ್ಲ. ಸೂಜಿ ಅರ್ಧ ಸೆಂಟಿಮೀಟರ್ ಮೇಲೆ ನಿಂತರೂ ಅಂಕ ಬದಲಾಗುವುದರಿಂದ ಸಂವೇದಕದ ಸ್ಥಾನವನ್ನು ಶ್ರವಣಾತೀತ ಚಿತ್ರದಿಂದ ಖಚಿತಪಡಿಸಿಕೊಳ್ಳುವ ಪದ್ಧತಿಯೂ ಬೆಳೆದಿದೆ.

ಶ್ರವಣಾತೀತ ಧ್ವನಿಯಿಂದ ಶಾಖ ಕೊಡುವ ಚಿಕಿತ್ಸೆಯಲ್ಲಿ ಸ್ನಾಯುವಿನ ತಾಪಮಾನ 1 °ಸೆ ಏರಿದರೆ ಸೌಮ್ಯ, 2ರಿಂದ 3 °ಸೆ ಏರಿದರೆ ಮಧ್ಯಮ, 4 °ಸೆ ಏರಿದರೆ ತೀವ್ರ ಎಂದು ವಿಂಗಡಿಸುತ್ತಾರೆ. ಡೇವಿಡ್ ಡ್ರೇಪರ್ ಮತ್ತು ಸಂಗಡಿಗರ 1995ರ ಅಳತೆಯಂತೆ ಚದರ ಸೆಂಟಿಮೀಟರಿಗೆ 1 ವ್ಯಾಟ್ ತೀವ್ರತೆಯಲ್ಲಿ 1 ಮೆಗಾಹರ್ಟ್ಸ್ ಧ್ವನಿ ನಿಮಿಷಕ್ಕೆ ಸುಮಾರು 0.2 °ಸೆ, 3 ಮೆಗಾಹರ್ಟ್ಸ್ ಧ್ವನಿ ಸುಮಾರು 0.6 °ಸೆ ಏರಿಸುತ್ತವೆ. ಮೊದಲನೆಯ ಲೆಕ್ಕದಲ್ಲಿ ಸಂವೇದಕದ ಒಂದು ಡಿಗ್ರಿ ತಪ್ಪು ಐದು ನಿಮಿಷಗಳ ಚಿಕಿತ್ಸೆಗೆ ಸಮ. ಇಲ್ಲಿ ಒಂದು ಸಮಾಧಾನವೂ ಉಂಟು. ಬೇಕಾದುದು ಏರಿಕೆಯಷ್ಟೇ ಆಗಿರುವುದರಿಂದ, ಮೊದಲೂ ಕೊನೆಯೂ ಒಂದೇ ಪ್ರಮಾಣದಲ್ಲಿ ತಪ್ಪುವ ಸಂವೇದಕದ ದೋಷ ಕಳೆಯುವಾಗ ತಾನಾಗಿ ಹೋಗಿಬಿಡುತ್ತದೆ. ಶಾಖಾಘಾತದ ನಿರ್ಣಯದಲ್ಲಿ ಈ ಅನುಕೂಲವಿಲ್ಲ. ಅಲ್ಲಿ ಬೇಕಾದುದು ನೇರವಾದ ಬೆಲೆ.

ಒಳತಾಪಮಾನ: ಅಳೆಯುವ ಜಾಗದ ಪ್ರಶ್ನೆ

ಅನ್ನನಾಳದಲ್ಲಿ ಹೃದಯದ ಸಮೀಪ ನಿಲ್ಲಿಸಿದ ಸಂವೇದಕ ರಕ್ತದ ತಾಪಮಾನವನ್ನು ಅತಿ ಬೇಗ ಅನುಸರಿಸುತ್ತದೆ. ಆದರೆ ಓಡುವವನ ಮೂಗಿನಿಂದ ನಳಿಕೆ ಇಳಿಸುವುದು ಮೈದಾನದಲ್ಲಿ ಸಾಧ್ಯವಾಗುವ ಮಾತಲ್ಲ. ಗುದದಲ್ಲಿ 10ರಿಂದ 15 ಸೆಂಟಿಮೀಟರ್ ಆಳಕ್ಕೆ ಇರಿಸಿದ ಥರ್ಮಿಸ್ಟರ್ ನಿಧಾನವಾದರೂ ನಂಬಿಕೆಗೆ ಅರ್ಹ. ಅದನ್ನೇ ಅಳತೆಗೋಲಾಗಿಟ್ಟುಕೊಂಡು ಡಗ್ಲಸ್ ಕಾಸಾ ಮತ್ತು ಸಂಗಡಿಗರು 2007ರಲ್ಲಿ ಬಿಸಿಲಿನಲ್ಲಿ ವ್ಯಾಯಾಮ ಮಾಡುವವರ ಬಾಯಿ, ಕಂಕುಳು, ಕಿವಿ, ಹಣೆ ಮತ್ತು ಕಪೋಲಗಳ ತಾಪಮಾನವನ್ನು ಹೋಲಿಸಿದರು. 0.27 °ಸೆಗಿಂತ ಹೆಚ್ಚಿನ ಸರಾಸರಿ ವ್ಯತ್ಯಾಸವನ್ನು ಒಪ್ಪಲಾಗದು ಎಂಬ ಕಟ್ಟಳೆಯಲ್ಲಿ ಗೆದ್ದದ್ದು ನುಂಗುವ ಸಂವೇದಕವೊಂದೇ.

ಸೋತವು ಕೆಟ್ಟ ಸಾಧನಗಳಲ್ಲ ಎಂಬುದನ್ನು ಗಮನಿಸಬೇಕು. ಅಮೆರಿಕದ ಎಎಸ್‌ಟಿಎಂ ಮಾನಕದಂತೆ ವಿದ್ಯುನ್ಮಾನ ಜ್ವರಮಾಪಕ 37ರಿಂದ 39 °ಸೆ ನಡುವೆ ±0.1 °ಸೆ ಮೀರಿ ತಪ್ಪುವಂತಿಲ್ಲ. ಕಂಕುಳಿನಲ್ಲಿಟ್ಟ ಆ ಜ್ವರಮಾಪಕ ಕಂಕುಳಿನ ತಾಪಮಾನವನ್ನು ಸರಿಯಾಗಿಯೇ ಹೇಳುತ್ತದೆ. ಆದರೆ ಬೆವರಿ ಗಾಳಿಗೆ ತಣಿದ ಕಂಕುಳು ಮಿದುಳಿನ ಸ್ಥಿತಿಯನ್ನು ಹೇಳುವುದಿಲ್ಲ. ಈ ಕ್ಷೇತ್ರದಲ್ಲಿ ಸಾಧನದ ತಪ್ಪಿಗಿಂತ ಜಾಗದ ತಪ್ಪೇ ದೊಡ್ಡದು, ಅಪಾಯಕಾರಿಯೂ ಅದೇ. ಒಳಗೆ 41 °ಸೆ ಇರುವವನ ಹಣೆ 37 ತೋರಿಸಿದರೆ ‘ಸುಸ್ತಾಗಿದೆ, ನೆರಳಿನಲ್ಲಿ ಮಲಗಲಿ’ ಎಂದು ಬಿಟ್ಟುಬಿಡುವ ಸಂಭವವಿದೆ. ಶ್ರಮಜನ್ಯ ಶಾಖಾಘಾತದಲ್ಲಿ ಸುಮಾರು ಅರ್ಧ ಗಂಟೆಯೊಳಗೆ ಮೈಯನ್ನು ತಣಿಸಬೇಕೆಂಬುದು ಒಪ್ಪಿತವಾದ ನಿಯಮ. ಮೊದಲು ತಣಿಸಿ, ಅನಂತರ ಆಸ್ಪತ್ರೆಗೆ ಸಾಗಿಸಬೇಕೆಂಬುದು ಅದರ ಮುಂದುವರಿಕೆ. ಅಮೆರಿಕದ ಫಾಲ್ಮತ್ ಓಟದಲ್ಲಿ 18 ವರ್ಷಗಳ ಅವಧಿಯಲ್ಲಿ ಕಂಡುಬಂದ 274 ಶಾಖಾಘಾತದ ಪ್ರಕರಣಗಳಲ್ಲಿ ಗುದ ತಾಪಮಾನವನ್ನು ಅಳೆದು, ತಣ್ಣೀರಿನ ತೊಟ್ಟಿಯಲ್ಲಿ ಮುಳುಗಿಸಿ ಎಲ್ಲರನ್ನೂ ಉಳಿಸಿಕೊಂಡರು.

ನುಂಗುವ ಸಂವೇದಕ 1980ರ ದಶಕದಲ್ಲಿ ನಾಸಾ ಮತ್ತು ಜಾನ್ಸ್ ಹಾಪ್ಕಿನ್ಸ್ ವಿಶ್ವವಿದ್ಯಾಲಯದ ಅನ್ವಯಿಕ ಭೌತವಿಜ್ಞಾನ ಪ್ರಯೋಗಾಲಯಗಳ ಸಹಯೋಗದಲ್ಲಿ ರೂಪುಗೊಂಡಿತು. ಗುಳಿಗೆಯಾಕಾರದ ಇದು ಕರುಳಿನಿಂದ ರೇಡಿಯೊ ಸಂಕೇತವನ್ನು ಕಳುಹಿಸುತ್ತದೆ. ವ್ಯಾಯಾಮಕ್ಕೆ ಹಲವು ಗಂಟೆಗಳ ಮೊದಲೇ ನುಂಗದಿದ್ದರೆ ಅದು ಜಠರದಲ್ಲೇ ಉಳಿದು, ಕುಡಿದ ತಣ್ಣೀರಿನ ತಾಪಮಾನವನ್ನು ದೇಹದ ತಾಪಮಾನವೆಂದು ತೋರಿಸುತ್ತದೆ. 2019ರಲ್ಲಿ ದೋಹಾದ ವಿಶ್ವ ಅಥ್ಲೆಟಿಕ್ಸ್ ಕೂಟದಲ್ಲಿ, ಮಧ್ಯರಾತ್ರಿ ಆರಂಭವಾದ ಮಹಿಳೆಯರ ಮ್ಯಾರಥಾನ್‌ಗೆ ಇಳಿದ 68 ಮಂದಿಯಲ್ಲಿ ಗುರಿ ಮುಟ್ಟಿದವರು 40. ಅದೇ ಕೂಟದ ದೂರ ಓಟ ಮತ್ತು ನಡಿಗೆಯ ಸ್ಪರ್ಧಿಗಳಲ್ಲಿ ಕೆಲವರು ಇಂಥ ಗುಳಿಗೆ ನುಂಗಿ ಸಂಶೋಧನೆಗೆ ಒದಗಿದರು. ಮೈಗೆ ಅಂಟಿಸಿಕೊಳ್ಳುವ, ಚರ್ಮದ ಶಾಖಪ್ರವಾಹದಿಂದ ಒಳತಾಪಮಾನವನ್ನು ಲೆಕ್ಕಹಾಕುವ ಹೊಸ ಪಟ್ಟಿಗಳು ಈಚೆಗೆ ಮಾರುಕಟ್ಟೆಯಲ್ಲಿವೆ. ಅವು ಅಳೆಯುವುದಕ್ಕಿಂತ ಊಹಿಸುವುದೇ ಹೆಚ್ಚು. ಸ್ವತಂತ್ರ ಪರೀಕ್ಷೆಗಳಲ್ಲಿ ಅವುಗಳ ಅಂಕ ಗುದ ತಾಪಮಾನದಿಂದ ಪದೇ ಪದೇ ದೂರ ಸರಿದಿದೆ.

ಚರ್ಮ ಮತ್ತು ಅವಗೆಂಪು ಕಿರಣಗಳ ಕ್ಯಾಮೆರಾ

ಚರ್ಮದ ಸರಾಸರಿ ತಾಪಮಾನಕ್ಕೆ ಎನ್. ಎಲ್. ರಾಮನಾಥನ್ 1964ರಲ್ಲಿ ಕೊಟ್ಟ ಸೂತ್ರ ಜಗತ್ತಿನಾದ್ಯಂತ ಬಳಕೆಯಲ್ಲಿದೆ: ಎದೆ ಮತ್ತು ತೋಳಿನ ಅಂಕಗಳಿಗೆ ತಲಾ 0.3, ತೊಡೆ ಮತ್ತು ಮೀನಖಂಡದ ಅಂಕಗಳಿಗೆ ತಲಾ 0.2 ತೂಕ ಕೊಟ್ಟು ಕೂಡುವುದು. ಅವಗೆಂಪು ಕ್ಯಾಮೆರಾ ಚರ್ಮವನ್ನು ಮುಟ್ಟದೆಯೇ ಚಿತ್ರ ಕೊಡುತ್ತದೆ. ಸಾಮಾನ್ಯ ಕ್ಯಾಮೆರಾಗಳು 0.05 °ಸೆ ಭೇದವನ್ನು ಗುರುತಿಸಿದರೂ ಅವುಗಳ ನಿಖರತೆ ±2 °ಸೆ. ಎಡ ಮೊಣಕಾಲಿಗೂ ಬಲ ಮೊಣಕಾಲಿಗೂ ಇರುವ ಭೇದವನ್ನು ಕಾಣಲು ಅವು ಸಾಕು. ಮೊಣಕಾಲಿನ ತಾಪಮಾನ ಇಷ್ಟೇ ಎಂದು ಹೇಳಲು ಸಾಲವು. ಚರ್ಮದ ಉತ್ಸರ್ಜಕತೆಯನ್ನು 0.98 ಎಂದು ಹಿಡಿಯುತ್ತಾರೆ. ಬೆವರು, ಎಣ್ಣೆ, ಮುಲಾಮುಗಳ ಪದರ ಆ ಲೆಕ್ಕವನ್ನು ಕೆಡಿಸುತ್ತದೆ. ಎಣ್ಣೆ ತಿಕ್ಕಿಕೊಂಡು ಅಖಾಡಕ್ಕಿಳಿದ ಪೈಲ್ವಾನನ ಮೈಯನ್ನು ಈ ಕ್ಯಾಮೆರಾದಿಂದ ಅಳೆಯುವುದು ನಿಷ್ಫಲ. 2017ರಲ್ಲಿ ತಜ್ಞರ ಸಮ್ಮತಿಯಿಂದ ಸಿದ್ಧವಾದ, ಟಿಐಎಸ್‌ಇಎಂ ಎಂಬ 15 ಅಂಶಗಳ ಪಟ್ಟಿ ಇಂಥ ಅಧ್ಯಯನಗಳಲ್ಲಿ ಏನೇನು ನಮೂದಿಸಬೇಕೆಂದು ಹೇಳುತ್ತದೆ.

ಬಿಸಿಲುನಾಡಿನ ಸಂದರ್ಭ: ಯಾದಗಿರಿ, ಶಹಾಪುರ, ಸುರಪುರ

ಕೃಷ್ಣಾ ಮತ್ತು ಭೀಮಾ ನದಿಗಳ ಪ್ರದೇಶದಲ್ಲಿರುವ ಯಾದಗಿರಿ ಜಿಲ್ಲೆ ರಾಜ್ಯದ ಅತಿ ಬಿಸಿಯಾದ ಭಾಗಗಳಲ್ಲೊಂದು. ಕರ್ನಾಟಕದ ಅತ್ಯಧಿಕ ತಾಪಮಾನವೆಂದು ಸಾಮಾನ್ಯವಾಗಿ ಉಲ್ಲೇಖವಾಗುವ 45.6 °ಸೆ ದಾಖಲಾದದ್ದು ನೆರೆಯ ರಾಯಚೂರಿನಲ್ಲಿ. ಏಪ್ರಿಲ್, ಮೇ ತಿಂಗಳುಗಳಲ್ಲಿ ಕಲಬುರಗಿ ವಿಭಾಗದ ಸರ್ಕಾರಿ ಕಚೇರಿಗಳ ವೇಳೆಯನ್ನು ಬೆಳಿಗ್ಗೆ 8ರಿಂದ ಮಧ್ಯಾಹ್ನ 1.30ರವರೆಗೆ ಬದಲಾಯಿಸುವ ರೂಢಿ ಬಿಸಿಲಿನ ತೀವ್ರತೆಗೆ ಸಾಕ್ಷಿ. ಬೇಸಿಗೆ ಶಿಬಿರಗಳ ಕಬಡ್ಡಿ, ಕೊಕ್ಕೊ, ಓಟದ ಅಭ್ಯಾಸಗಳು ನಡೆಯುವುದೂ ಇದೇ ತಿಂಗಳುಗಳಲ್ಲಿ.

ಸಂವೇದಕಗಳ ನಿಖರತೆಯನ್ನು ಕುರಿತ ಬಹುಪಾಲು ಪ್ರಯೋಗಗಳು ನಡೆದಿರುವುದು 20ರಿಂದ 25 °ಸೆ ಕೋಣೆಗಳಲ್ಲಿ. ಚರ್ಮಕ್ಕೆ ಅಂಟಿಸಿದ ಸಂವೇದಕದ ಒಂದು ಮೈ ಗಾಳಿಗೆ ತೆರೆದಿರುವುದರಿಂದ ಅದರ ಅಂಕ ಚರ್ಮ ಮತ್ತು ಗಾಳಿಗಳ ನಡುವೆ ಎಲ್ಲೋ ನಿಲ್ಲುತ್ತದೆ. ಗಾಳಿಯ ಪ್ರಭಾವ ಹತ್ತರಲ್ಲೊಂದು ಪಾಲು ಎಂದು ಹಿಡಿದು ಲೆಕ್ಕ ಹಾಕಬಹುದು. ಗಾಳಿ 22, ಚರ್ಮ 33 °ಸೆ ಇರುವ ಕೋಣೆಯಲ್ಲಿ ಸಂವೇದಕ 31.9 ತೋರಿಸುತ್ತದೆ, ನಿಜಕ್ಕಿಂತ 1.1 ಕಡಿಮೆ. ಗಾಳಿ 43, ಒಣ ಚರ್ಮ 36 °ಸೆ ಇರುವ ಯಾದಗಿರಿಯ ಮಧ್ಯಾಹ್ನದಲ್ಲಿ ಅದೇ ಸಂವೇದಕ 36.7 ತೋರಿಸುತ್ತದೆ, ನಿಜಕ್ಕಿಂತ 0.7 ಹೆಚ್ಚು. ತಣ್ಣನೆಯ ಪ್ರದೇಶದ ಪ್ರಯೋಗಾಲಯದಲ್ಲಿ ಕಂಡುಕೊಂಡ ತಿದ್ದುಪಡಿಯನ್ನು ಇಲ್ಲಿ ಹಾಗೆಯೇ ಕೂಡಿಸಿದರೆ ತಪ್ಪು ಕಳೆಯುವ ಬದಲು ಬೆಳೆದು 1.8 °ಸೆ ಆಗುತ್ತದೆ.

ಇನ್ನೊಂದು ತೊಡಕು ಸಾಧನಗಳ ಕೆಲಸದ ಮಿತಿ. ಅವಗೆಂಪು ಜ್ವರಮಾಪಕಗಳ ಎಎಸ್‌ಟಿಎಂ ಮಾನಕ 16ರಿಂದ 40 °ಸೆ ಹವೆಯಲ್ಲಿ ಅವು ಸರಿಯಾಗಿ ಕೆಲಸಮಾಡಬೇಕೆಂದು ಕೇಳುತ್ತದೆ. ಮೈದಾನದ ಹವೆ 42 ಇದ್ದಾಗ ಕಿವಿಗೆ ಅಥವಾ ಹಣೆಗೆ ಹಿಡಿದ ಸಾಧನ ತನ್ನ ಖಾತರಿಯ ಹೊರಗೆ ಕೆಲಸಮಾಡುತ್ತಿರುತ್ತದೆ. 2020ರ ಸಾಂಕ್ರಾಮಿಕದ ಕಾಲದಲ್ಲಿ ಬಾಗಿಲು ಬಾಗಿಲುಗಳಲ್ಲಿ ಹಣೆಗೆ ಹಿಡಿದ ಬಂದೂಕಿನಾಕಾರದ ತಾಪಮಾಪಕಗಳು ಇದೇ ಜಾತಿಯವು. ಬಿಸಿಲಿನಲ್ಲಿ ನಿಂತು ಬಂದವನ ಒಣ ಹಣೆ ಜ್ವರವಿಲ್ಲದೆಯೂ ಹೆಚ್ಚಿನ ಅಂಕ ತೋರಬಹುದು, ಬೆವರಿದವನ ಹಣೆ ಅಪಾಯವಿದ್ದಾಗಲೂ ಕಡಿಮೆ ತೋರಬಹುದು.

ಆಟಗಾರನ ಸುತ್ತಲಿನ ಬಿಸಿಯನ್ನು ಅಳೆಯಲು ಆರ್ದ್ರಗೋಳ ಸೂಚ್ಯಂಕವನ್ನು ಬಳಸುತ್ತಾರೆ. 1957ರಲ್ಲಿ ಯಾಗ್ಲೌ ಮತ್ತು ಮಿನಾರ್ಡ್ ಅಮೆರಿಕದ ಸೇನಾ ತರಬೇತಿಗಾಗಿ ರೂಪಿಸಿದ ಇದರಲ್ಲಿ ಒದ್ದೆ ಬತ್ತಿಯ ತಾಪಮಾನಕ್ಕೆ 0.7, ಕಪ್ಪು ಗೋಳದ್ದಕ್ಕೆ 0.2, ಗಾಳಿಯದ್ದಕ್ಕೆ 0.1 ತೂಕ. ಮಣ್ಣಿನ ಹರವಿಯಲ್ಲಿ ಕುಡಿಯುವ ನೀರು ಬೇಸಿಗೆಯಲ್ಲೂ ತಣ್ಣಗಿರುವ ಕಾರಣವೇ ಒದ್ದೆ ಬತ್ತಿಯ ತಾಪಮಾನ ಗಾಳಿಯದ್ದಕ್ಕಿಂತ ಕಡಿಮೆ ಇರುವುದಕ್ಕೂ ಕಾರಣ. ಗಾಳಿ ಒಣಗಿದ್ದಷ್ಟೂ ಹರವಿಯ ನೀರು ತಂಪು, ಬೆವರಿನ ಉಪಕಾರವೂ ಹೆಚ್ಚು. ಉದಾಹರಣೆಗೆ ಗಾಳಿ 42, ಒದ್ದೆ ಬತ್ತಿ 24, ಕಪ್ಪು ಗೋಳ 55 °ಸೆ ಎಂದು ಹಿಡಿದರೆ ಸೂಚ್ಯಂಕ 32.0, ಇದು ಫುಟ್ಬಾಲ್ ಒಕ್ಕೂಟ ಫೀಫಾ ಪಂದ್ಯದ ನಡುವೆ ತಣಿಯುವ ವಿರಾಮಕ್ಕೆ ಇಟ್ಟುಕೊಂಡ ಮಿತಿ. ಗೋಳವನ್ನು ಮರದ ನೆರಳಿನಲ್ಲಿ ಇಟ್ಟು 42 ಎಂದು ಓದಿದರೆ ಸೂಚ್ಯಂಕ 29.4ಕ್ಕೆ ಇಳಿದು ಆಟ ಮುಂದುವರಿಯುತ್ತದೆ. ಬತ್ತಿಯ ನೀರು ಆರಿ ಅದು 28 ತೋರಿಸಿದರೆ ಸೂಚ್ಯಂಕ 34.8ಕ್ಕೆ ಏರುತ್ತದೆ. ಮೂರು ತಾಪಮಾಪಕಗಳಲ್ಲಿ ಯಾವುದೂ ಕೆಟ್ಟಿಲ್ಲ; ಇಟ್ಟ ಬಗೆ ತಪ್ಪಾಗಿದೆ.

ಕರ್ನಾಟಕ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರ ಹೋಬಳಿ ಮಟ್ಟದಲ್ಲಿ ಸ್ವಯಂಚಾಲಿತ ಹವಾಮಾನ ಕೇಂದ್ರಗಳನ್ನು ನಡೆಸುತ್ತಿರುವುದು ಸಂಶೋಧಕರಿಗೆ ಅನುಕೂಲ. ಆದರೆ ಹವಾಮಾನ ಕೇಂದ್ರದ ಗಾಳಿಯ ತಾಪಮಾನ ನೆರಳಿನದು. ಯಾದಗಿರಿಯ ಕೋಟೆಯ ಗುಡ್ಡ, ಮಲಗಿದ ಬುದ್ಧನೆಂದು ಹೆಸರಾದ ಶಹಾಪುರದ ಬೆಟ್ಟಸಾಲು, ಸುರಪುರದ ಸುತ್ತಲಿನ ಕಲ್ಲುಗುಡ್ಡಗಳು ಹಗಲೆಲ್ಲ ಕಾಯುತ್ತವೆ. ಕಾದ ಬಂಡೆಯ ಧಗೆ ಸಂಜೆಯಾದರೂ ಆರದೆ ಬುಡದ ಬಯಲಿನಲ್ಲಿ ಆಡುವವರ ಮೈಗೆ ಬಡಿಯುವುದನ್ನು ನೆರಳಿನ ತಾಪಮಾಪಕ ಕಾಣಲಾರದು. ಅದಕ್ಕೆ ಆ ಜಾಗದಲ್ಲೇ ಇಟ್ಟ ಕಪ್ಪು ಗೋಳ ಬೇಕು. ಕೃಷ್ಣಾ ಮೇಲ್ದಂಡೆ ಯೋಜನೆಯ ನೀರು ಹರಿಯುವ ಭತ್ತದ ಗದ್ದೆಗಳ ನಡುವಿನ ಊರುಗಳಲ್ಲಿ ತೇವಾಂಶವೂ ಬೇರೆ ಇರುತ್ತದೆ.

ಶಾಖಾಘಾತಕ್ಕೆ ಬೇಕಾದ ತಣ್ಣೀರಿನ ತೊಟ್ಟಿ ಇಲ್ಲದ ಕಡೆ ತಾಡಪತ್ರಿಯಲ್ಲಿ ರೋಗಿಯನ್ನು ಮಲಗಿಸಿ, ನಾಲ್ಕು ಅಂಚನ್ನೂ ಎತ್ತಿಹಿಡಿದು, ಮಂಜುಗಡ್ಡೆ ಬೆರೆತ ನೀರು ತುಂಬಿ ತೂಗುವ ವಿಧಾನ ಕ್ರೀಡಾ ವೈದ್ಯಕೀಯದಲ್ಲಿ ಪರೀಕ್ಷೆಗೊಳಗಾಗಿ ಒಪ್ಪಿತವಾಗಿದೆ. ರೈತರ ಮನೆಗಳಲ್ಲಿ ತಾಡಪತ್ರಿಗೆ ಕೊರತೆಯಿಲ್ಲ. ಮಂಜುಗಡ್ಡೆ ಸಿಗದಿದ್ದರೂ ಕೈಕಟ್ಟಿ ಕೂರಬೇಕಾಗಿಲ್ಲ. ನೈಜೆಲ್ ಟೇಲರ್ ಮತ್ತು ಸಂಗಡಿಗರ 2008ರ ಪ್ರಯೋಗದಲ್ಲಿ ಕಾದ ದೇಹದ ಅನ್ನನಾಳದ ತಾಪಮಾನ 37.5 °ಸೆಗೆ ಇಳಿಯಲು 14 °ಸೆ ನೀರಿನಲ್ಲಿ ಸುಮಾರು 2.2 ನಿಮಿಷ, 26 °ಸೆ ನೀರಿನಲ್ಲಿ ಸುಮಾರು 2.9 ನಿಮಿಷ ಹಿಡಿಯಿತು. ಬಿಸಿಲಿಗೆ ಕಾದ ಮೇಲ್ಛಾವಣಿಯ ತೊಟ್ಟಿಯ ನೀರಿಗಿಂತ ಆಗಷ್ಟೇ ಎತ್ತಿದ ಕೊಳವೆಬಾವಿಯ ನೀರು ಇಂಥ ಹೊತ್ತಿನಲ್ಲಿ ಮೇಲು. ಗುದ ತಾಪಮಾನ ಸುಮಾರು 38.9 °ಸೆಗೆ ಇಳಿದಾಗ ನೀರಿನಿಂದ ಹೊರತೆಗೆಯಬೇಕು. ಆ ಸಂವೇದಕ ನಿಧಾನವಾಗಿ ಅನುಸರಿಸುವುದರಿಂದ, ಅದು 37ಕ್ಕೆ ಬರಲೆಂದು ಕಾದರೆ ದೇಹ ಅಷ್ಟರಲ್ಲಿ ಅತಿಯಾಗಿ ತಣಿದಿರುತ್ತದೆ.

ಮಾಪನಾಂಕ ನಿರ್ಣಯ

ಸಂವೇದಕದ ಅಂಕವನ್ನು ಗೊತ್ತಿರುವ ತಾಪಮಾನದೊಂದಿಗೆ ಹೋಲಿಸಿ ತಿದ್ದುಪಡಿ ಕಂಡುಕೊಳ್ಳುವುದೇ ಮಾಪನಾಂಕ ನಿರ್ಣಯ. 1990ರ ಅಂತರರಾಷ್ಟ್ರೀಯ ತಾಪಮಾನ ಮಾಪನಿಯ ಸ್ಥಿರ ಬಿಂದುಗಳಲ್ಲಿ ದೇಹದ ತಾಪಮಾನಕ್ಕೆ ಹತ್ತಿರವಾದವು ನೀರಿನ ತ್ರಿಬಿಂದು (0.01 °ಸೆ) ಮತ್ತು ಗ್ಯಾಲಿಯಂ ಕರಗುವ ಬಿಂದು (29.7646 °ಸೆ). ಭಾರತದಲ್ಲಿ ತಾಪಮಾನದ ಮಾನಕವನ್ನು ಕಾಪಾಡುವ ಹೊಣೆ ನವದೆಹಲಿಯ ರಾಷ್ಟ್ರೀಯ ಭೌತ ಪ್ರಯೋಗಾಲಯದ್ದು. ಎನ್‌ಎಬಿಎಲ್ ಮಾನ್ಯತೆ ಪಡೆದ ಪ್ರಯೋಗಾಲಯಗಳ ಪ್ರಮಾಣಪತ್ರದ ಮೂಲಕ ಆ ಮಾನಕ ಸಂಶೋಧಕನ ಮೇಜಿನವರೆಗೆ ತಲುಪುತ್ತದೆ. ಪ್ರಮಾಣಪತ್ರದಲ್ಲಿ ನೋಡಬೇಕಾದುದು ಮೊಹರನ್ನಲ್ಲ, ಅನಿಶ್ಚಿತತೆಯ ಅಂಕವನ್ನು ಮತ್ತು ಯಾವ ಯಾವ ತಾಪಮಾನಗಳಲ್ಲಿ ಹೋಲಿಸಿದ್ದಾರೆ ಎಂಬುದನ್ನು. 0 ಮತ್ತು 100 °ಸೆಗಳಲ್ಲಿ ಮಾತ್ರ ಹೋಲಿಸಿದ ಥರ್ಮಿಸ್ಟರ್ 38ರಲ್ಲಿ ಸರಿಯಿದೆ ಎನ್ನಲಾಗದು.

ಜಿಲ್ಲಾ ಕೇಂದ್ರದ ಕಾಲೇಜು ಅಥವಾ ಆಸ್ಪತ್ರೆಯಲ್ಲಿಯೂ ಸರಳವಾದ ತಪಾಸಣೆ ಸಾಧ್ಯ. ಶುದ್ಧ ನೀರಿನ ಮಂಜುಗಡ್ಡೆಯನ್ನು ನುಣ್ಣಗೆ ಪುಡಿಮಾಡಿ, ನಿರ್ವಾತ ಫ್ಲಾಸ್ಕಿನಲ್ಲಿ ತುಂಬಿ, ಸಂದುಗಳು ಮುಚ್ಚುವಷ್ಟೇ ಭಟ್ಟಿ ಇಳಿಸಿದ ನೀರು ಸೇರಿಸಿದರೆ 0 °ಸೆ ದೊರೆಯುತ್ತದೆ. ನೀರು ಹೆಚ್ಚಾಗಿ ಮಂಜು ತೇಲತೊಡಗಿದರೆ ತಳದ ನೀರು ಬೆಚ್ಚಗಾಗುತ್ತದೆ. ಕುದಿಯುವ ನೀರನ್ನು 100 °ಸೆ ಎಂದು ನಂಬುವುದು ಸಲ್ಲದು. ಸಮುದ್ರಮಟ್ಟದಿಂದ ಸುಮಾರು 400 ಮೀಟರ್ ಎತ್ತರದ ಯಾದಗಿರಿಯಲ್ಲಿ ನೀರು ಕುದಿಯುವುದು ಅದಕ್ಕಿಂತ ಒಂದು ಡಿಗ್ರಿಗೂ ಮೀರಿ ಕೆಳಗೆ. 35ರಿಂದ 42 °ಸೆ ನಡುವಿನ ಹೋಲಿಕೆಗೆ ಕಲಕುತ್ತಿರುವ ಬೆಚ್ಚನೆಯ ನೀರಿನ ತೊಟ್ಟಿಯಲ್ಲಿ, ಪ್ರಮಾಣಪತ್ರವಿರುವ ತಾಪಮಾಪಕದ ಪಕ್ಕದಲ್ಲೇ ಪರೀಕ್ಷಿಸಬೇಕಾದ ಸಂವೇದಕಗಳನ್ನು ಕಟ್ಟಿ ಇಳಿಬಿಡುತ್ತಾರೆ. ನುಂಗುವ ಗುಳಿಗೆಗಳನ್ನೂ ಬಳಕೆಗೆ ಮೊದಲು ಹೀಗೆ ಒಂದೊಂದಾಗಿ ಪರೀಕ್ಷಿಸುವುದು ವಾಡಿಕೆ. ಒಮ್ಮೆ ನುಂಗಿದ ಮೇಲೆ ಪರೀಕ್ಷೆಗೆ ಅವಕಾಶವಿಲ್ಲ. ಪ್ರಯೋಗದ ಮೊದಲೂ ಮುಗಿದ ಮೇಲೂ ಹೋಲಿಕೆ ಮಾಡಿದಾಗ ಮಾತ್ರ ನಡುವಿನ ದಿನಗಳಲ್ಲಿ ಸಂವೇದಕ ಜಾರಿಲ್ಲವೆಂದು ತಿಳಿಯುತ್ತದೆ. ಬೇಸಿಗೆಯ ಪ್ರಯೋಗವಾದರೆ ಓದುಯಂತ್ರವನ್ನೂ ಮೈದಾನದ ಬಿಸಿಯಲ್ಲೇ ಇಟ್ಟು ಮಂಜಿನ ಫ್ಲಾಸ್ಕಿನ ತಪಾಸಣೆಯನ್ನು ಮತ್ತೊಮ್ಮೆ ನಡೆಸುತ್ತಾರೆ. ಆಗ 0 °ಸೆ ಬದಲಿಗೆ ಬರುವ ಅಂಕವೇ ಆ ಯಂತ್ರ ಆ ಬಿಸಿಯಲ್ಲಿ ಎಷ್ಟು ತಪ್ಪುತ್ತದೆ ಎಂಬುದರ ಅಳತೆ.